ಹದಿನೇಳರೊಳಗಿನ ಹುಡುಗಿಯರ ಭಾರತ ತಂಡ: ಯಲಿಯೂರಿನಿಂದ ಅಲ್ಲಿಗೆ ದಾರಿ ಯಾವುದು?

ಕೆಲವು ವಾರಗಳ ಹಿಂದೆ ನಾವು ಮೈಸೂರಿನಿಂದ ಬೆಂಗಳೂರಿನ ಕಡೆಗೆ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲಿನಲ್ಲಿ ಹೋಗುತ್ತಿದ್ದೆವು. ಪಾಂಡವಪುರ ದಾಟಿದ ಮೇಲೆ, ಮಂಡ್ಯಕ್ಕೆ ಮುಂಚೆ ಸಿಗುವ ಯಲಿಯೂರು ನಿಲ್ದಾಣದಲ್ಲಿ ಒಬ್ಬ ತಾಯಿ ತನ್ನ ಮಗಳೊಂದಿಗೆ ಹತ್ತಿ ನಮ್ಮ ಎದುರಿಗೆ ಕುಳಿತರು. ಹುಡುಗಿಗೆ ಹನ್ನೆರಡು ವರ್ಷವಿರಬಹುದು. ಶಾಲೆಯ ಸಮವಸ್ತ್ರ, ಮೊಣಕಾಲಿನ ಮೇಲೆ ಹೊಸದಾಗಿ ತರಚಿದ ಗಾಯ. ನಾವು ಆ ಗಾಯ ನೋಡಿದ್ದನ್ನು ಗಮನಿಸಿ ತಾಯಿಯೇ ಮಾತು ತೆಗೆದರು.

"ಹುಡುಗ್ರ ಜೊತೆ ಪುಟ್ಬಾಲ್ ಆಡ್ತಾಳೆ ಸ್ವಾಮಿ. ಬ್ಯಾಡ ಅಂದ್ರೆ ಕೇಳಕಿಲ್ಲ. ಹೆಣ್ಣೈಕ್ಳಿಗೂ ಇಂಡಿಯಾ ಟೀಮು ಐತೆ ಅಂತಾಳೆ. ದಿಟವಾ?"

"ಹೌದಮ್ಮ, ಇದೆ" ಎಂದೆವು.

"ಅಲ್ಲಿಗೆ ಹೋಗೋದು ಹೆಂಗೆ?"

ಯಲಿಯೂರಿನಿಂದ ಮಂಡ್ಯಕ್ಕೆ ಕೆಲವೇ ನಿಮಿಷಗಳ ದಾರಿ. ಉತ್ತರ ಪೂರ್ತಿಯಾಗುವ ಮೊದಲೇ ಅವರು ಇಳಿದುಹೋದರು. ಆ ತಾಯಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಓದುಗರಲ್ಲಿ ಅನೇಕರು ಶಾಲೆ ನಡೆಸುವವರು, ವಸತಿ ನಿಲಯ ನೋಡಿಕೊಳ್ಳುವವರು, ಯುವಜನರೊಂದಿಗೆ ಕೆಲಸ ಮಾಡುವವರು, ಹೆಣ್ಣುಮಕ್ಕಳನ್ನು ಬೆಳೆಸುತ್ತಿರುವವರು. ಈ ಪ್ರಶ್ನೆ ನಾಳೆ ನಿಮ್ಮ ಬಾಗಿಲಿಗೂ ಬರಬಹುದು.

ಈ ತಂಡ ಎಂದರೆ ಯಾವುದು?

ಫುಟ್ಬಾಲಿನಲ್ಲಿ ಹಿರಿಯರ ರಾಷ್ಟ್ರೀಯ ತಂಡವಿರುವಂತೆ 20 ವರ್ಷದೊಳಗಿನವರ ಮತ್ತು 17 ವರ್ಷದೊಳಗಿನವರ ತಂಡಗಳೂ ಇರುತ್ತವೆ. 17ರೊಳಗಿನ ಹುಡುಗಿಯರ ವಿಶ್ವಕಪ್ ಮೊದಲ ಬಾರಿಗೆ ನಡೆದದ್ದು 2008ರಲ್ಲಿ, ನ್ಯೂಜಿಲೆಂಡಿನಲ್ಲಿ. ಉತ್ತರ ಕೊರಿಯಾ ಗೆದ್ದಿತು. ಅಂದಿನಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಪಂದ್ಯಾವಳಿ 2025ರಿಂದ ಪ್ರತಿ ವರ್ಷದ್ದಾಯಿತು. ತಂಡಗಳ ಸಂಖ್ಯೆ 16ರಿಂದ 24ಕ್ಕೆ ಏರಿತು. 2025ರಿಂದ 2029ರವರೆಗಿನ ಐದೂ ಪಂದ್ಯಾವಳಿಗಳ ಆತಿಥ್ಯವನ್ನು ಮೊರಾಕ್ಕೊ ದೇಶಕ್ಕೆ ನೀಡಲಾಗಿದೆ.

ಇಲ್ಲಿ ವಯಸ್ಸಿನ ಲೆಕ್ಕವನ್ನು ಹುಟ್ಟಿದ ವರ್ಷದಿಂದ ಹಿಡಿಯುತ್ತಾರೆ. 2022ರ ವಿಶ್ವಕಪ್‌ನಲ್ಲಿ ಆಡಲು 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಹಾಗಾಗಿ ಒಬ್ಬ ಹುಡುಗಿಗೆ ಈ ತಂಡದ ಬಾಗಿಲು ತೆರೆದಿರುವುದು ಎರಡು ಮೂರು ವರ್ಷ ಮಾತ್ರ. ಅದೂ ಹೈಸ್ಕೂಲಿನ ವರ್ಷಗಳಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಆಸುಪಾಸಿನಲ್ಲಿ. ಆಟವಾದರೋ ದೊಡ್ಡವರದ್ದೇ: ಅದೇ ಅಳತೆಯ ಮೈದಾನ, ಅದೇ ಚೆಂಡು, 45 ನಿಮಿಷಗಳ ಎರಡು ಅವಧಿ. ಹದಿನಾರರ ಹುಡುಗಿ ತೊಂಬತ್ತು ನಿಮಿಷ ಓಡಬೇಕಾದರೆ ಅವಳ ತಯಾರಿ ಹತ್ತು ಹನ್ನೊಂದರಲ್ಲೇ ಆರಂಭವಾಗಿರಬೇಕು.

ಭುವನೇಶ್ವರದ ಮೂರು ರಾತ್ರಿಗಳು

ಈ ವಿಶ್ವಕಪ್ ನಮ್ಮ ದೇಶಕ್ಕೂ ಬಂದಿತ್ತು. 2020ರಲ್ಲಿ ನಡೆಯಬೇಕಿದ್ದದ್ದು ಕೊರೊನಾದಿಂದಾಗಿ ಮುಂದಕ್ಕೆ ಹೋಗಿ, ಕೊನೆಗೆ ರದ್ದಾಯಿತು. 2022ರ ಆತಿಥ್ಯ ಭಾರತಕ್ಕೆ ದೊರೆಯಿತು. ಅದೂ ಕೈತಪ್ಪುವುದರಲ್ಲಿತ್ತು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಆಡಳಿತದ ಗೊಂದಲದಿಂದಾಗಿ ಆಗಸ್ಟ್ ಮಧ್ಯದಲ್ಲಿ ಫಿಫಾ ಭಾರತವನ್ನು ಅಮಾನತು ಮಾಡಿತು. ಆಗಸ್ಟ್ 26ರಂದು ಅಮಾನತು ತೆರವಾಯಿತು. ದೊಡ್ಡವರ ಜಗಳ ನಡೆಯುತ್ತಿದ್ದ ಆ ದಿನಗಳಲ್ಲಿ, ತಮ್ಮದೇ ನೆಲದಲ್ಲಿ ಆಡುತ್ತೇವೋ ಇಲ್ಲವೋ ಎಂಬುದೇ ಆ ಹುಡುಗಿಯರಿಗೆ ಖಾತ್ರಿಯಿರಲಿಲ್ಲ.

ಕೊನೆಗೂ ಅಕ್ಟೋಬರ್ 11ರಿಂದ 30ರವರೆಗೆ ಭುವನೇಶ್ವರ, ಗೋವಾ ಮತ್ತು ನವಿ ಮುಂಬಯಿಗಳಲ್ಲಿ ಪಂದ್ಯಗಳು ನಡೆದವು. ಭಾರತದ ಮೂರೂ ಪಂದ್ಯಗಳು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ. ಅಮೆರಿಕದ ಎದುರು 0-8, ಮೊರಾಕ್ಕೊ ಎದುರು 0-3, ಬ್ರೆಜಿಲ್ ಎದುರು 0-5. ಒಂದೂ ಗೋಲು ಹೊಡೆಯದೆ, ಹದಿನಾರು ಗೋಲು ಬಿಟ್ಟುಕೊಟ್ಟು ನಮ್ಮ ತಂಡ ಹೊರಬಿತ್ತು. ನವಿ ಮುಂಬಯಿಯ ಫೈನಲ್‌ನಲ್ಲಿ ಕೊಲಂಬಿಯಾವನ್ನು 1-0ಯಿಂದ ಸೋಲಿಸಿ ಸ್ಪೇನ್ ಕಪ್ ಗೆದ್ದಿತು.

ಅಂಕಿಗಳನ್ನು ಮಾತ್ರ ನೋಡಿದವರು ನಕ್ಕರು. ಆದರೆ ತಂಡದ ಒಳಗೆ ಯಾರಿದ್ದರು ಎಂದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. 21 ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಣಿಪುರ ಮತ್ತು ಜಾರ್ಖಂಡ್ ಎಂಬ ಎರಡೇ ರಾಜ್ಯಗಳವರು. ನಮ್ಮ ಕರಾವಳಿಯ ಕಿವಿಗೆ ಪರಿಚಿತವಾದ ಉಪನಾಮವೂ ಒಂದಿತ್ತು: ಪುಣೆಯ ಕಾಜೋಲ್ ಹ್ಯೂಬರ್ಟ್ ಡಿಸೋಜ. ನಾಯಕಿ ಅಷ್ಟಂ ಉರಾಂವ್ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳು ನಾಯಕಿಯಾದ ಮೇಲೆ ಅವಳ ಮನೆಯ ಕಡೆಗೆ ಸರಕಾರ ರಸ್ತೆ ಮಾಡಿಸತೊಡಗಿತು. ಆ ರಸ್ತೆಯ ಕೆಲಸದಲ್ಲಿ ದಿನಗೂಲಿಗೆ ಕಲ್ಲುಮಣ್ಣು ಹೊರುತ್ತಿದ್ದವರಲ್ಲಿ ಅವಳ ತಂದೆತಾಯಿಯೂ ಇದ್ದರು. ಮಗಳು ದೇಶದ ತಂಡದ ಮುಂದೆ ನಡೆಯುತ್ತಿದ್ದ ಆ ದಿನಗಳಲ್ಲೂ ಅವರು ಕೂಲಿ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ.

ಮೊರಾಕ್ಕೊ ಪಂದ್ಯವನ್ನು ಸ್ವಲ್ಪ ನಿಂತು ನೋಡಬೇಕು. ಮಧ್ಯಂತರದವರೆಗೂ ನಮ್ಮ ಹುಡುಗಿಯರು ಗೋಲು ಬಿಡಲಿಲ್ಲ. ಮೂರೂ ಗೋಲುಗಳು ಬಂದದ್ದು ಎರಡನೆಯ ಅವಧಿಯಲ್ಲಿ. ಮೊರಾಕ್ಕೊಗೂ ಅದು ಈ ವಯೋಮಾನದ ಮೊದಲ ವಿಶ್ವಕಪ್. ಆದರೆ ಆ ದೇಶ ಮಹಿಳೆಯರ ಲೀಗನ್ನು ವೃತ್ತಿಪರ ಮಟ್ಟಕ್ಕೆ ಏರಿಸಿ, ಎಳೆಯರ ತರಬೇತಿಗೆ ಹಣ ಹಾಕಿತ್ತು. ಮರುವರ್ಷ, ಅಂದರೆ 2023ರಲ್ಲಿ, ಅದರ ಹಿರಿಯ ಮಹಿಳಾ ತಂಡ ತನ್ನ ಮೊದಲ ವಿಶ್ವಕಪ್‌ನಲ್ಲೇ ಕೊನೆಯ ಹದಿನಾರರ ಘಟ್ಟ ತಲುಪಿತು. ಹಿಂದಿನ ಐದಾರು ವರ್ಷ ಹುಡುಗಿಯರಿಗೆ ಏನು ಸಿಕ್ಕಿತ್ತು, ಏನು ಸಿಕ್ಕಿರಲಿಲ್ಲ ಎಂಬುದೇ ಆ ತೊಂಬತ್ತು ನಿಮಿಷಗಳಲ್ಲಿ ಕಂಡದ್ದು.

ಬಿಷ್ಕೆಕ್‌ನ ಒಂದು ಸಂಜೆ

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2022ರಲ್ಲಿ ಭಾರತ ಆಡಿದ್ದು ಆತಿಥೇಯ ದೇಶವಾದ್ದರಿಂದ. ಆಡಿ ಗೆದ್ದು ಅರ್ಹತೆ ಪಡೆಯುವುದು ಬೇರೆ ಮಾತು. ಅದುವರೆಗೆ 17ರೊಳಗಿನವರ ಏಷ್ಯಾ ಕಪ್‌ನಲ್ಲಿ ಭಾರತ ಆಡಿದ್ದು 2005ರಲ್ಲಿ ಮಾತ್ರ. ಆಗ ಅರ್ಹತಾ ಪಂದ್ಯಗಳೇ ಇರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ಗೆ ಹೋದ ಹೊಸ ತಂಡ ಮೊದಲು ಆತಿಥೇಯರನ್ನು 2-1ರಿಂದ ಸೋಲಿಸಿತು. ಅಕ್ಟೋಬರ್ 17ರಂದು ಉಜ್ಬೇಕಿಸ್ತಾನದ ಎದುರು ಮೊದಲ ಅವಧಿಯಲ್ಲಿ ಒಂದು ಗೋಲು ಹಿಂದೆ ಬಿತ್ತು. ಬದಲಿ ಆಟಗಾರ್ತಿಯಾಗಿ ಇಳಿದ ತಂಡಮೋನಿ ಬಾಸ್ಕೆ ಎರಡನೆಯ ಅವಧಿಯಲ್ಲಿ ಸಮ ಮಾಡಿದಳು. ಬಳಿಕ ಜಾರ್ಖಂಡ್‌ನ ಅನುಷ್ಕಾ ಕುಮಾರಿ ಗೆಲುವಿನ ಗೋಲು ಹೊಡೆದಳು. ಹೀಗೆ 2026ರ ಏಷ್ಯಾ ಕಪ್‌ಗೆ ಭಾರತ ಮೊದಲ ಬಾರಿಗೆ ಅರ್ಹತಾ ಸುತ್ತು ದಾಟಿ ಪ್ರವೇಶ ಪಡೆಯಿತು. ಅದೇ 2025ರಲ್ಲಿ 20ರೊಳಗಿನ ತಂಡವೂ ಹಿರಿಯರ ತಂಡವೂ ತಮ್ಮ ತಮ್ಮ ಏಷ್ಯಾ ಕಪ್‌ಗಳಿಗೆ ಅರ್ಹತೆ ಗಳಿಸಿದವು. ಭುವನೇಶ್ವರದಲ್ಲಿ ನಕ್ಕವರಿಗೆ ಮೂರೇ ವರ್ಷಗಳಲ್ಲಿ ಸಿಕ್ಕ ಉತ್ತರ ಇದು.

ಹಳ್ಳಿಯಿಂದ ಹೊರಡುವ ದಾರಿ

ಈಗ ಆ ತಾಯಿಯ ಎರಡನೆಯ ಪ್ರಶ್ನೆಗೆ ಬರೋಣ. ಯಲಿಯೂರಿನಂಥ ಊರಿನ ಹುಡುಗಿಗೆ ದಾರಿ ಮೊದಲು ತೆರೆಯುವುದು ಶಾಲೆಯಲ್ಲಿ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟಕ್ಕೆ ಏರುತ್ತವೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕ್ರೀಡೆಗಳಿಗೆ ಹೋಗುತ್ತಾರೆ. ವಾಯುಪಡೆಯವರು 1960ರಿಂದ ನಡೆಸುತ್ತ ಬಂದಿರುವ ಸುಬ್ರತೋ ಕಪ್ ಶಾಲಾ ಫುಟ್ಬಾಲಿನ ದೊಡ್ಡ ಪಂದ್ಯಾವಳಿ. ಅದರಲ್ಲಿ 17ರೊಳಗಿನ ಹುಡುಗಿಯರ ವಿಭಾಗ ಆರಂಭವಾದದ್ದು 2012ರಲ್ಲಿ. ಆದರೆ ಒಂದು ಶಾಲೆ ಹನ್ನೊಂದು ಹುಡುಗಿಯರನ್ನು ಮೈದಾನಕ್ಕೆ ಇಳಿಸದಿದ್ದರೆ ಈ ದಾರಿಯ ಮೊದಲ ಮೆಟ್ಟಿಲೇ ಇಲ್ಲ. ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ಆ ಮೆಟ್ಟಿಲು ಕಟ್ಟುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಎರಡನೆಯದು ಕ್ಲಬ್ ಮತ್ತು ಸಂಸ್ಥೆಗಳ ದಾರಿ. ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ಕಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ರಾಜ್ಯದ ಹುಡುಗಿಯರ ತಂಡವನ್ನು ಕಳಿಸುವುದು ಅದೇ. ರಾಷ್ಟ್ರೀಯ ತಂಡದ ಆಯ್ಕೆದಾರರು ಹೊಸಬರನ್ನು ಹುಡುಕುವ ಮುಖ್ಯ ಜಾಗಗಳಲ್ಲಿ ಈ ಚಾಂಪಿಯನ್‌ಷಿಪ್ ಒಂದು. ರಾಜ್ಯದಲ್ಲಿ ಮಹಿಳಾ ಲೀಗ್ ಕೂಡ ಇದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳೆಯರು 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್‌ನ ಫೈನಲ್ ತಲುಪಿ ಎರಡನೆಯ ಸ್ಥಾನ ಪಡೆದರು. ಅಂದರೆ ನಮ್ಮ ರಾಜ್ಯದಲ್ಲೇ ಮೇಲಿನ ಮೆಟ್ಟಿಲುಗಳಿವೆ. ಕೊರತೆಯಿರುವುದು ಹಳ್ಳಿಯಿಂದ ಬೆಂಗಳೂರಿನವರೆಗಿನ ನಡುವಣ ಮೆಟ್ಟಿಲುಗಳಲ್ಲಿ.

ಮೂರನೆಯದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು. ಊಟ, ವಸತಿ, ಶಾಲೆ, ತರಬೇತಿ ಎಲ್ಲವನ್ನೂ ಸರಕಾರವೇ ನೋಡಿಕೊಳ್ಳುತ್ತದೆ. ಎಲ್ಲ ನಿಲಯಗಳಲ್ಲೂ ಎಲ್ಲ ಆಟಗಳಿರುವುದಿಲ್ಲ. ಆದ್ದರಿಂದ ಹುಡುಗಿಯರ ಫುಟ್ಬಾಲ್ ಎಲ್ಲಿದೆ, ಆಯ್ಕೆ ಯಾವಾಗ ಎಂಬುದನ್ನು ಜಿಲ್ಲಾ ಕೇಂದ್ರದ ಇಲಾಖಾ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಮಂಡ್ಯದವರು ಮಂಡ್ಯದಲ್ಲಿ, ನಮ್ಮವರು ಮಂಗಳೂರು, ಉಡುಪಿ, ಕಾರವಾರಗಳಲ್ಲಿ.

ಈ ಮೂರೂ ದಾರಿಗಳಲ್ಲಿ ಮೊದಲು ಕೇಳುವ ಕಾಗದ ಜನನ ಪ್ರಮಾಣಪತ್ರ. ಸಣ್ಣ ವಿಷಯವೆಂದು ತೋರಬಹುದು. ರಾಂಚಿಯ ಬಳಿಯ ಓರ್ಮಾಂಝಿಯಲ್ಲಿ 2009ರಿಂದ ಬಡ ಹುಡುಗಿಯರಿಗೆ ಫುಟ್ಬಾಲ್ ಕಲಿಸುತ್ತಿರುವ ಯುವಾ ಎಂಬ ಸಂಸ್ಥೆಯಿದೆ. 2013ರಲ್ಲಿ ಅದರ ಹುಡುಗಿಯರು ಸ್ಪೇನ್‌ಗೆ ಆಡಲು ಹೋಗುವ ಮುನ್ನ ಪಾಸ್‌ಪೋರ್ಟಿಗಾಗಿ ಜನನ ಪ್ರಮಾಣಪತ್ರ ಕೇಳಲು ಪಂಚಾಯಿತಿ ಕಚೇರಿಗೆ ಹೋದಾಗ, ಅಲ್ಲಿ ಅವರಿಂದ ನೆಲ ಗುಡಿಸಿಸಿದರು, ಕಪಾಳಕ್ಕೂ ಹೊಡೆದರು ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದೇ ಹುಡುಗಿಯರು ಸ್ಪೇನ್‌ನ ಪಂದ್ಯಾವಳಿಯೊಂದರಲ್ಲಿ ಮೂರನೆಯ ಸ್ಥಾನ ಗೆದ್ದು ಮರಳಿದರು. ನಿಮ್ಮ ಮಗಳ ಪ್ರಮಾಣಪತ್ರದಲ್ಲಿ ಹೆಸರು, ದಿನಾಂಕ ಸರಿಯಾಗಿದೆಯೇ, ಶಾಲಾ ದಾಖಲೆಗೂ ಆಧಾರ್‌ಗೂ ತಾಳೆಯಾಗುತ್ತದೆಯೇ ಎಂದು ಇಂದೇ ನೋಡಿಡಿ. ಸುಳ್ಳು ವಯಸ್ಸು ಬರೆಸುವ ಆಸೆ ಬೇಡ. ಸಿಕ್ಕಿಬಿದ್ದರೆ ಶಿಕ್ಷೆ ಅನುಭವಿಸುವವಳು ಮಗಳೇ.

ಹದಿಮೂರರ ತಿರುವು

ಹೆಚ್ಚಿನ ಹುಡುಗಿಯರು ಆಟ ಬಿಡುವುದು ಇದೇ ವಯಸ್ಸಿನಲ್ಲಿ. ಆಡಲು ಬಾರದೆ ಬಿಡುವವರು ಕಡಿಮೆ. ಮುಟ್ಟು ಆರಂಭವಾಗುತ್ತದೆ, ಶಾಲೆಯ ಶೌಚಾಲಯದಲ್ಲಿ ನೀರಿರುವುದಿಲ್ಲ. ಚಡ್ಡಿ ಹಾಕಿ ಓಡಿದರೆ ಜನ ಏನೆನ್ನುತ್ತಾರೆ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಬಿಸಿಲಿಗೆ ಕಪ್ಪಾಗುತ್ತಾಳೆ, ಕಾಲು ಮುರಿದರೆ ಮದುವೆ ಹೇಗೆ ಎಂಬ ಚಿಂತೆಯೂ ಸೇರಿಕೊಳ್ಳುತ್ತದೆ. ಸಂಜೆ ತಮ್ಮ ಮೈದಾನಕ್ಕೆ ಹೋಗುತ್ತಾನೆ, ಅಕ್ಕ ಪಾತ್ರೆ ತೊಳೆಯಲು ಉಳಿಯುತ್ತಾಳೆ. ಯಾರೂ ಅವಳಿಗೆ ಆಟ ಬಿಡು ಎಂದು ಹೇಳಿರುವುದಿಲ್ಲ. ಆದರೂ ಆಟ ನಿಂತಿರುತ್ತದೆ.

ದೇಹದ ಬಗ್ಗೆ ಎರಡು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಿರುವ ಹುಡುಗಿ ಬೇಗ ಏದುಸಿರು ಬಿಡುತ್ತಾಳೆ. ನಾವು ಅದನ್ನು ಸೋಮಾರಿತನ ಎಂದುಕೊಳ್ಳುತ್ತೇವೆ. ರಾಗಿ, ಹುರುಳಿ, ಸೊಪ್ಪು, ಮೊಟ್ಟೆ, ಮೀನು ನಮ್ಮ ಕೈಗೆಟಕುವ ಆಹಾರವೇ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಎಸೆಯದೆ ನುಂಗಬೇಕು. ಮನೆಯಲ್ಲಿ ಮೊಟ್ಟೆಯ ಪಾಲು ಮಗನಿಗೂ ಮಗಳಿಗೂ ಒಂದೇ ಆಗಬೇಕು.

ಎರಡನೆಯದು ಮೊಣಕಾಲು. ಓಡುತ್ತ ತಟ್ಟನೆ ತಿರುಗುವಾಗ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇದಕ್ಕೆ ಆಟ ನಿಲ್ಲಿಸಬೇಕಿಲ್ಲ, ಸರಿಯಾದ ತಯಾರಿ ಬೇಕು. ಫಿಫಾ 11+ ಎಂಬ ವ್ಯಾಯಾಮ ಕ್ರಮಕ್ಕೆ ಇಪ್ಪತ್ತು ನಿಮಿಷ ಸಾಕು, ಉಪಕರಣ ಬೇಕಿಲ್ಲ. ಓಟ, ಒಂಟಿ ಕಾಲಿನ ಸಮತೋಲ, ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವ ಅಭ್ಯಾಸ ಇಷ್ಟೇ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ನಮ್ಮ ಶಾಲೆಗಳ ದೈಹಿಕ ಶಿಕ್ಷಕರು ಇದನ್ನು ಥ್ರೋಬಾಲ್, ಕಬಡ್ಡಿ ಆಡುವವರಿಗೂ ಕಲಿಸಬಹುದು.

ಹೇಳಲೇಬೇಕಾದ ಕಹಿ ಮಾತು

ವಿಶ್ವಕಪ್‌ಗೆ ಸಿದ್ಧವಾಗುತ್ತ ಈ ತಂಡ 2022ರ ಜೂನ್‌ನಲ್ಲಿ ಯುರೋಪ್ ಪ್ರವಾಸದಲ್ಲಿದ್ದಾಗ, ಸಹಾಯಕ ತರಬೇತುದಾರರೊಬ್ಬರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಬಂತು. ಅವರನ್ನು ಪ್ರವಾಸದ ನಡುವೆಯೇ ಹಿಂದಕ್ಕೆ ಕಳಿಸಿ, ಬಳಿಕ ಕೆಲಸದಿಂದ ವಜಾ ಮಾಡಲಾಯಿತು. ಪೋಕ್ಸೊ ಕಾಯಿದೆಯಡಿ ಪ್ರಕರಣವೂ ದಾಖಲಾಯಿತು. ದೇಶದ ಅತ್ಯುನ್ನತ ಮಟ್ಟದ ತಂಡದಲ್ಲೇ ಇಂಥ ಆರೋಪ ಬಂದಿತೆಂದ ಮೇಲೆ, ನಮ್ಮ ಶಾಲೆ, ವಸತಿ ನಿಲಯ, ಬೇಸಿಗೆ ಶಿಬಿರಗಳಲ್ಲಿ ಹಾಗಾಗದು ಎಂದು ಕಣ್ಣು ಮುಚ್ಚಿ ಕೂರುವಂತಿಲ್ಲ. ಇಂಥ ವಿಷಯದಲ್ಲಿ ಧರ್ಮಸಭೆಯೂ ತನ್ನದೇ ನೋವಿನ ಪಾಠಗಳನ್ನು ಕಲಿತಿದೆ. ನಾವು ಇತರರಿಗಿಂತ ಮೊದಲು ಎಚ್ಚರವಾಗಿರಬೇಕು.

2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳೇ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಹೆಸರು ಕೆಡುತ್ತದೆ, ಒಳಗೇ ಮುಗಿಸೋಣ ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ಪ್ರವಾಸಕ್ಕೆ ಹುಡುಗಿಯರ ತಂಡ ಹೊರಟರೆ ಜೊತೆಗೆ ಜವಾಬ್ದಾರಿಯುತ ಮಹಿಳೆಯೊಬ್ಬರು ಇರಲೇಬೇಕು. ತರಬೇತುದಾರರು ಹುಡುಗಿಯರ ಕೋಣೆಗೆ ಹೋಗಬಾರದು, ಒಬ್ಬಳನ್ನೇ ಪ್ರತ್ಯೇಕವಾಗಿ ಕರೆಯಬಾರದು, ರಾತ್ರಿ ಫೋನ್ ಸಂದೇಶ ಕಳಿಸಬಾರದು. ತೊಂದರೆಯಾದರೆ ಯಾರಿಗೆ ಹೇಳಬೇಕೆಂಬುದು ಪ್ರತಿ ಹುಡುಗಿಗೂ ಹೊರಡುವ ಮೊದಲೇ ಗೊತ್ತಿರಬೇಕು. ಹೇಳಿದ ಹುಡುಗಿಯನ್ನು ತಂಡದಿಂದ ಕೈಬಿಡಬಾರದು. ಹೆತ್ತವರೂ ಈ ನಿಯಮಗಳನ್ನು ಕೇಳಿ ತಿಳಿಯಬೇಕು. ಹಾಗೆ ಕೇಳುವುದು ಅವರ ಹಕ್ಕು, ಯಾರ ಮೇಲಿನ ಅನುಮಾನವೂ ಅಲ್ಲ.

ಭಯದಿಂದ ಮಗಳನ್ನು ಮನೆಯೊಳಗೆ ಕೂರಿಸುವುದು ಸುಲಭ. ಆದರೆ ಆಗ ತಪ್ಪು ಮಾಡಿದವನ ಬದಲು ಶಿಕ್ಷೆ ಅವಳಿಗೇ ಆದಂತಾಗುತ್ತದೆ.

ಪಕ್ಕದೂರಿನ ಸಾಕ್ಷಿ

ಹಳ್ಳಿಯ ಹುಡುಗಿಗೆ ಇದೆಲ್ಲ ಆಗುವ ಮಾತೇ ಎನ್ನುವವರು ಮಳವಳ್ಳಿಯಿಂದ ಆಚೆಗೆ, ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಕಡೆ ನೋಡಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದ ಭಾರತ ಮಹಿಳಾ ತಂಡದಲ್ಲಿ ಆ ಊರಿನ ಬಿ. ಚೈತ್ರಾ ಇದ್ದರು. ಕುರುಬೂರಿನಲ್ಲಿ ಖೋ ಖೋ ಕಲಿಸುವವರಿದ್ದರು, ಆಡುವ ಅಂಗಳವಿತ್ತು, ಹುಡುಗಿಯರು ಆಡುವುದು ಊರಿಗೆ ರೂಢಿಯಾಗಿತ್ತು. ಫುಟ್ಬಾಲಿಗೂ ಬೇಕಾದದ್ದು ಈ ಮೂರೇ.

ನಮ್ಮ ಕರಾವಳಿಯಲ್ಲಿ ಹುಡುಗಿಯರ ಆಟವೆಂದರೆ ಥ್ರೋಬಾಲ್. ಅದು ಒಳ್ಳೆಯ ಆಟ, ಮುಂದುವರಿಯಲಿ. ಆದರೆ ಚರ್ಚ್ ಮೈದಾನಗಳಲ್ಲಿ ನಡೆಯುವ ಫುಟ್ಬಾಲ್ ಪಂದ್ಯಾವಳಿಗಳಲ್ಲಿ ಹುಡುಗಿಯರ ವಿಭಾಗ ಎಷ್ಟು ಕಡೆ ಇದೆ? ಎಷ್ಟೋ ಮೈದಾನಗಳು ನಮ್ಮವೇ, ಎಷ್ಟೋ ಶಾಲೆಗಳೂ ನಮ್ಮವೇ. ವಾರದಲ್ಲಿ ಎರಡು ಸಂಜೆ ಮೈದಾನವನ್ನು ಹುಡುಗಿಯರಿಗೇ ಮೀಸಲಿಡಬಹುದು. ಹನ್ನೊಂದು ಮಂದಿ ಸೇರದಿದ್ದರೆ ಐದೈದು ಮಂದಿಯಿಂದ ಆರಂಭಿಸಬಹುದು. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ನೀರಿರುವ ಶೌಚಾಲಯ, ಮನೆಗೆ ಮರಳುವಾಗ ಜೊತೆಗೊಬ್ಬರು ಇಷ್ಟಿದ್ದರೆ ಸಾಕು. ಐ.ಸಿ.ವೈ.ಎಂ. ಘಟಕಗಳು, ಸ್ತ್ರೀ ಸಂಘಟನೆ, ಶಾಲೆ ನಡೆಸುವ ಧರ್ಮಭಗಿನಿಯರು ಒಟ್ಟಿಗೆ ಕೂತರೆ ಒಂದು ತಿಂಗಳ ಕೆಲಸ. ಬರುವ ಹುಡುಗಿಯರು ಯಾವ ಧರ್ಮದವರು ಎಂದು ಕೇಳುವ ಅಗತ್ಯವೂ ಇಲ್ಲ. ಅವರಲ್ಲಿ ಯಾರೂ ಭಾರತ ತಂಡ ತಲುಪದೆ ಇರಬಹುದು. ಆದರೆ ಹದಿನೇಳರವರೆಗೆ ಆಡಿದ ಹುಡುಗಿ ತನ್ನ ಕಾಲಿನ ಮೇಲೆ, ತನ್ನ ಮಾತಿನ ಮೇಲೆ ನಂಬಿಕೆಯಿಡುವುದನ್ನು ಕಲಿತಿರುತ್ತಾಳೆ.

ರೈಲು ಮಂಡ್ಯ ನಿಲ್ದಾಣದೊಳಗೆ ನಿಧಾನವಾಗುತ್ತಿದ್ದಾಗ ನಾವು ಆ ಹುಡುಗಿಯನ್ನು ಕೇಳಿದೆವು: "ಯಾವ ಜಾಗದಲ್ಲಿ ಆಡ್ತೀಯಮ್ಮ?"

"ಗೋಲಿ ಸಾರ್. ಹುಡುಗ್ರು ನನ್ನ ಗೋಲಿಗೇ ನಿಲ್ಸೋದು. ಓಡಕೆ ಬಿಡಕಿಲ್ಲ" ಎಂದಳು.

ಅವಳಿಗೆ ಓಡಲು ಒಂದು ಮೈದಾನ ಸಿಗಲಿ. ಉಳಿದ ದಾರಿ ಆಮೇಲಿನದು.